ಹೂದೋಟದ ಪಂಚಾಂಗ

ಬೆಂಗಳೂರಿನ ಬೀದಿಮರಗಳ ಮಾತು ಬಂದಲ್ಲೆಲ್ಲ ಗುಸ್ತಾವ್ ಹರ್ಮನ್ ಕ್ರುಂಬಿಗೆಲ್ ಅವರ ಹೆಸರು ಬರುತ್ತದೆ. ಜರ್ಮನಿಯ ಡ್ರೆಸ್ಡೆನ್ ಬಳಿ 1865ರಲ್ಲಿ ಹುಟ್ಟಿ, ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಪಳಗಿ, ಬರೋಡದ ಮಹಾರಾಜ ಸಯಾಜಿರಾವ್ ಗಾಯಕವಾಡರ ತೋಟಗಳನ್ನು ನೋಡಿಕೊಂಡಿದ್ದವರು ಅವರು. 1908ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಮೈಸೂರು ಸಂಸ್ಥಾನಕ್ಕೆ ಬಂದರು. 1932ರವರೆಗೆ ಲಾಲ್‌ಬಾಗ್ ಅವರ ಕೈಯಲ್ಲಿತ್ತು. 1956ರಲ್ಲಿ ತೀರಿಕೊಂಡಾಗ ಈ ಊರಿನ ಮಣ್ಣಿಗೇ ಸೇರಿದರು. ಒಂದು ಮರದ ಹೂ ಉದುರುವ ಹೊತ್ತಿಗೆ ಇನ್ನೊಂದು ಮರ ಅರಳಬೇಕು, ವರ್ಷದ ಯಾವ ತಿಂಗಳಲ್ಲೂ ಬೀದಿ ಬರಿದಾಗಿ ಕಾಣಬಾರದು ಎಂಬ ಲೆಕ್ಕದಲ್ಲಿ ಮರಗಳನ್ನು ಆರಿಸಿ ನೆಡಿಸಿದ ಕೀರ್ತಿಯನ್ನು ಬೆಂಗಳೂರು ಅವರಿಗೆ ಕೊಟ್ಟಿದೆ. ಅದು ಸಲ್ಲಬೇಕಾದ ಕೀರ್ತಿಯೇ. ಆದರೆ ವರ್ಷವಿಡೀ ಹೂ ಇರಬೇಕೆಂಬ ಆಲೋಚನೆಯೇ ಅವರೊಂದಿಗೆ ಹಡಗಿನಲ್ಲಿ ಬಂದಿಳಿಯಿತು ಎಂಬಂತೆ ನಾವು ಮಾತಾಡತೊಡಗಿದಾಗ ಒಂದು ದೊಡ್ಡ ಚರಿತ್ರೆ ಮರೆಯಾಗುತ್ತದೆ. ಹೂವಿಲ್ಲದ ದಿನವಿರಬಾರದು ಎಂಬ ಲೆಕ್ಕವನ್ನು ಈ ನಾಡಿನ ಹೂದೋಟಗಳು ಶತಮಾನಗಳಿಂದ ಹಾಕಿಕೊಂಡು ಬಂದಿವೆ. ಯಾವ ಗಿಡ ಇಲ್ಲಿ ಉಳಿಯುತ್ತದೆ, ಯಾವುದು ಉಳಿಯುವುದಿಲ್ಲ ಎಂಬುದನ್ನು ತೀರ್ಮಾನಿಸಿದ್ದು ಅರಸರ ಆಸೆಗಿಂತ, ದೊರೆಗಳ ಅಭಿರುಚಿಗಿಂತ ಹೆಚ್ಚಾಗಿ ಮಳೆ. ಹೊರಗಿನಿಂದ ಬಂದವರು ಗಿಡಗಳನ್ನು ತಂದರು, ಪಂಚಾಂಗ ಇಲ್ಲಿಯದಾಗಿಯೇ ಉಳಿಯಿತು.

ಈ ಲೆಕ್ಕದ ಹಳೆಯ ರೂಪ ದೇವಸ್ಥಾನದ ಹೂದೋಟದಲ್ಲಿದೆ. ಕನ್ನಡ ನಾಡಿನ ದಾನಶಾಸನಗಳನ್ನು ಓದುವವರಿಗೆ ಗದ್ದೆ, ಗಾಣ, ನಂದಾದೀವಿಗೆಗಳ ಜೊತೆಗೆ ದೇವರಿಗೆ ಬಿಟ್ಟ ಹೂದೋಟವೂ ಮತ್ತೆ ಮತ್ತೆ ಎದುರಾಗುತ್ತದೆ. ಮಾಲೆ ಕಟ್ಟುವವರಿಗೆ ಬಿಟ್ಟ ಭೂಮಿಯ ಪ್ರಸ್ತಾಪವೂ ಬರುತ್ತದೆ. ಇಂಥ ದಾನದ ಅರ್ಥವನ್ನು ತೋಟದ ಕಡೆಯಿಂದ ಯೋಚಿಸಿ ನೋಡಬೇಕು. ಅರಮನೆಯ ತೋಟ ಋತುವಿಗೊಮ್ಮೆ ಸೊರಗಿದರೆ ಅರಸ ಬೇರೆಡೆಗೆ ವಿಹಾರಕ್ಕೆ ಹೋದಾನು. ನಿತ್ಯಪೂಜೆಗೆ ಆ ಅನುಕೂಲವಿಲ್ಲ. ಮಾಘದ ಚಳಿಯಿರಲಿ, ವೈಶಾಖದ ಉರಿಯಿರಲಿ, ಬೆಳಗಿನ ಪೂಜೆಗೆ ಬುಟ್ಟಿ ತುಂಬ ಹೂ ಬೇಕೇ ಬೇಕು. ಆದ್ದರಿಂದ ದೇವರ ತೋಟದಲ್ಲಿ ಗಿಡ ಆರಿಸುವವನು ಎರಡು ಬಗೆಯ ಗಿಡಗಳನ್ನು ಇಟ್ಟುಕೊಳ್ಳಲೇಬೇಕಾಗುತ್ತದೆ. ಒಂದು, ಇಡೀ ವರ್ಷ ತಪ್ಪದೆ ಅಷ್ಟಿಷ್ಟು ಹೂ ಕೊಡುವಂಥವು: ಕಣಗಿಲೆ, ನಂದಬಟ್ಟಲು, ದಾಸವಾಳ. ಇವು ಅಡುಗೆಮನೆಯ ಅಕ್ಕಿಬೇಳೆಯಂತೆ, ಇದ್ದಾಗ ಗಮನಕ್ಕೆ ಬಾರದವು, ಇಲ್ಲದಿದ್ದರೆ ದಿನ ಸಾಗದವು. ಇನ್ನೊಂದು, ತನ್ನ ಸರದಿ ಬಂದಾಗ ತೋಟವನ್ನೇ ಆಳುವಂಥವು. ಬಿಸಿಲು ಏರುವ ಮೊದಲು ಸುರಗಿ, ಬಿಸಿಲು ಏರಿದ ಮೇಲೆ ಮಲ್ಲಿಗೆ, ಬೇಸಿಗೆಯ ಕೊನೆಯಿಂದ ಮಳೆಗಾಲದುದ್ದಕ್ಕೂ ಸಂಪಿಗೆ, ಮಳೆ ಹಿಡಿದಾಗ ಜಾಜಿ ಮತ್ತು ಕೇದಗೆ, ಮಳೆ ಸಡಿಲವಾದಾಗ ಪಾರಿಜಾತ, ಇರುಳು ಉದ್ದವಾದಾಗ ಸೇವಂತಿಗೆ, ಚಳಿ ಕಳೆಯುವಾಗ ದವನ. ಈ ಸಾಲಿನಲ್ಲಿ ಒಂದು ಕೈಬಿಟ್ಟರೆ ಮಾಲೆಯಲ್ಲಿ ಆ ತಿಂಗಳ ಜಾಗ ತೆರವಾಗುತ್ತದೆ. ಸರದಿಯ ಮೇಲೆ ಅರಳಿಸುವ ಯೋಜನೆ ಎಂದರೆ ಇದೇ. ವ್ಯತ್ಯಾಸವೆಂದರೆ ಅದು ಗೋಡೆಯ ಒಳಗಿತ್ತು, ದೇವರಿಗಾಗಿ ಇತ್ತು, ಮತ್ತು ಅದನ್ನು ನಡೆಸಿದವರು ತಮ್ಮ ಹೆಸರನ್ನು ಎಲ್ಲೂ ಬರೆದಿಡಲಿಲ್ಲ.

ಇಲ್ಲಿ ಒಂದು ಆಕ್ಷೇಪ ಸಹಜ. ತೋಟವನ್ನು ದಾನ ಕೊಟ್ಟದ್ದಕ್ಕೆ ಶಾಸನವಿದೆ. ಅದರೊಳಗೆ ಯಾವ ಗಿಡವನ್ನು ಯಾವ ತಿಂಗಳಿಗಾಗಿ ನೆಟ್ಟರು ಎಂಬುದಕ್ಕೆ ದಾಖಲೆ ಎಲ್ಲಿದೆ? ದೇವರ ತೋಟದ ಮಾಲಿ ಕೈಗೆ ಸಿಕ್ಕ ಗಿಡವನ್ನು ನೆಟ್ಟು, ಅರಳಿದ್ದನ್ನು ಕೊಯ್ದಿರಬಹುದಲ್ಲ? ದಿನಚರಿ ಬರೆಯದವರ ಕಸುಬಿಗೆ ಪುರಾವೆಯನ್ನು ಬೇರೆ ಕಡೆ ಹುಡುಕಬೇಕು. ಮೊದಲನೆಯದು ಗ್ರಂಥಗಳು. ವರಾಹಮಿಹಿರನ ಬೃಹತ್ಸಂಹಿತೆಯ ವೃಕ್ಷಾಯುರ್ವೇದದ ಅಧ್ಯಾಯದಲ್ಲಿ ನೆಡುವ ಕಾಲವನ್ನು ಸಸಿಯ ಬೆಳವಣಿಗೆಗೆ ತಕ್ಕಂತೆ ಹಂಚಿದ್ದಾರೆ: ಕೊಂಬೆ ಒಡೆಯದ ಸಸಿಗೆ ಶಿಶಿರ, ಕೊಂಬೆ ಬಂದದ್ದಕ್ಕೆ ಹೇಮಂತ, ಬೊಡ್ಡೆ ಬಲಿತದ್ದಕ್ಕೆ ಮಳೆಗಾಲ. ನೀರಿನ ಕ್ರಮ ಇನ್ನೂ ಖಚಿತವಾಗಿದೆ. ಬೇಸಿಗೆಯಲ್ಲಿ ಬೆಳಗ್ಗೆ ಮತ್ತು ಸಂಜೆ, ಚಳಿಗಾಲದಲ್ಲಿ ದಿನ ಬಿಟ್ಟು ದಿನ, ಮಳೆಗಾಲದಲ್ಲಿ ನೆಲ ಒಣಗಿದರೆ ಮಾತ್ರ. ಕನ್ನಡದಲ್ಲಿ ಚಾವುಂಡರಾಯ 1025ರಲ್ಲಿ ಬರೆದ ಲೋಕೋಪಕಾರ ಇದೇ ವಿದ್ಯೆಯನ್ನು, ನೆಲದಡಿಯ ನೀರು ಕಂಡುಹಿಡಿಯುವ ವಿದ್ಯೆಯ ಜೊತೆಗೆ, ಸಂಸ್ಕೃತ ಬಾರದ ಓದುಗರಿಗೆ ತಲುಪಿಸಿತು. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಮಾನಸೋಲ್ಲಾಸ ಬರೆದಾಗ ಉದ್ಯಾನಕ್ಕೂ ಗಿಡಗಳ ಆರೈಕೆಗೂ ಅದರಲ್ಲಿ ಜಾಗ ಕೊಟ್ಟ. ಗ್ರಂಥ ಬರೆದವರು ಗುದ್ದಲಿ ಹಿಡಿದವರಲ್ಲ ಎಂಬುದು ನಿಜ. ಆದರೆ ಗುದ್ದಲಿ ಹಿಡಿದವರಿಗೆ ಗೊತ್ತಿಲ್ಲದ ಸಂಗತಿ ಅಂಥ ಗ್ರಂಥದಲ್ಲಿ ನಿಯಮವಾಗಿ ಬರುವುದು ಅಪರೂಪ. ಕೊಂಬೆಯ ಲೆಕ್ಕದಲ್ಲಿ ಕಾಲ ಹೇಳುವ ಸೂತ್ರ ಅನುಭವದಿಂದಲ್ಲದೆ ಬೇರೆ ಕಡೆಯಿಂದ ಹುಟ್ಟುವುದಿಲ್ಲ.

ಎರಡನೆಯ ಪುರಾವೆ ಹಬ್ಬಗಳು. ಇದು ನನಗೆ ಗ್ರಂಥಕ್ಕಿಂತ ಗಟ್ಟಿಯಾದ ಸಾಕ್ಷಿ ಎನ್ನಿಸುತ್ತದೆ, ಏಕೆಂದರೆ ಹಬ್ಬ ಪ್ರತಿವರ್ಷ ಪರೀಕ್ಷೆಗೆ ಒಳಗಾಗುತ್ತದೆ. ಚೈತ್ರದ ಹುಣ್ಣಿಮೆಗೆ ದವನದ ಹುಣ್ಣಿಮೆ ಎಂದು ಹೆಸರು. ದವನ ಚಳಿಗಾಲದ ಪುಟ್ಟ ಗಿಡ; ಮಳೆ ಕಳೆದ ಮೇಲೆ ಬಿತ್ತಿದರೆ ಬಿಸಿಲು ಬಲಿಯುವ ಮೊದಲು ಅದರ ಘಮ ತುಂಬಿಕೊಳ್ಳುತ್ತದೆ. ಚೈತ್ರದಲ್ಲಿ ದೇವರಿಗೆ ದವನ ಏರಿಸಬೇಕಾದರೆ ಕಾರ್ತಿಕದ ಸುಮಾರಿಗೇ ಮಡಿ ಸಿದ್ಧವಾಗಿರಬೇಕು. ಅಂದರೆ ಹಬ್ಬದ ತಿಥಿಯೊಳಗೆ ಬಿತ್ತನೆಯ ತಿಥಿಯೂ ಅಡಗಿ ಕೂತಿದೆ. ಅದೇ ಹುಣ್ಣಿಮೆಯ ಇರುಳು ಬೆಂಗಳೂರಿನ ತಿಗಳರಪೇಟೆಯ ಧರ್ಮರಾಯನ ಗುಡಿಯಿಂದ ಹೂವಿನ ಕರಗ ಹೊರಡುತ್ತದೆ. ಕರಗ ಹೊರುವವರ ಸಮುದಾಯವಾದ ತಿಗಳರು ತಲೆಮಾರುಗಳಿಂದ ತೋಟಗಾರರು; ಈ ಊರಿನ ಕೆರೆಗಳ ಕೆಳಗೆ ತರಕಾರಿ, ಹಣ್ಣು, ಹೂ ಬೆಳೆದವರು. ಅವರ ವರ್ಷದ ಅತಿ ದೊಡ್ಡ ರಾತ್ರಿ ಮಲ್ಲಿಗೆಯ ಸುಗ್ಗಿಯ ರಾತ್ರಿ. ಕರಗದ ಮೇಲೆ ಗೋಪುರದಂತೆ ಏರುವ ಮಲ್ಲಿಗೆಯನ್ನು ಪುಷ್ಯಮಾಸದಲ್ಲಿ ಹೊಂದಿಸುವುದು ಎಷ್ಟು ಕಷ್ಟವೋ, ಚೈತ್ರದಲ್ಲಿ ಅಷ್ಟೇ ಸುಲಭ. ಮಲ್ಲಿಗೆ ಹಬ್ಬವನ್ನು ತನ್ನ ಕಾಲಕ್ಕೆ ಎಳೆದುಕೊಂಡಿತು ಎಂದು ನಾನು ಹೇಳಲಾರೆ. ಹಬ್ಬಕ್ಕೆ ಪುರಾಣದ ಕಾರಣಗಳು ಬೇರೆ ಇವೆ. ಆದರೆ ತೋಟಗಾರರ ಹಬ್ಬವೊಂದು ಹೂವಿಲ್ಲದ ಕಾಲದಲ್ಲಿ ಇಷ್ಟು ಹೂ ಬೇಡುತ್ತ ಬಾಳುವುದು ಸಾಧ್ಯವಿರಲಿಲ್ಲ. ಮಲೆನಾಡಿನಲ್ಲಿ ಭಾದ್ರಪದದ ಹೊತ್ತಿಗೆ ಬೇಲಿಯ ಮೇಲೆ ಬೆಂಕಿಯ ನಾಲಗೆಯಂತೆ ಅರಳುವ ಬಳ್ಳಿಗೆ ಗೌರಿಹೂ ಎಂದೇ ಹೆಸರಿಟ್ಟಿದ್ದಾರೆ. ಹೂವಿನ ಹೆಸರೇ ತಿಥಿಯನ್ನು ಹೇಳುವಾಗ ಬೇರೆ ದಿನಚರಿ ಬೇಕಿರಲಿಲ್ಲ.

ಈ ಪಂಚಾಂಗದಲ್ಲಿ ಒಂದು ತೊಡಕಿತ್ತು, ಅದನ್ನು ಬಿಡಿಸಿದ ರೀತಿಯಲ್ಲಿ ತೋಟಗಾರರ ಜಾಣ್ಮೆ ಕಾಣುತ್ತದೆ. ನಮ್ಮ ಹಬ್ಬಗಳು ಚಂದ್ರನನ್ನು ಹಿಂಬಾಲಿಸುತ್ತವೆ, ಮಳೆನಕ್ಷತ್ರಗಳು ಸೂರ್ಯನನ್ನು. ರೈತ ಹೇಳುವ ಭರಣಿ, ರೋಹಿಣಿ, ಆರ್ದ್ರೆ ಮಳೆಗಳೆಂದರೆ ಸೂರ್ಯ ಆ ನಕ್ಷತ್ರದಲ್ಲಿರುವ ಹದಿಮೂರು ಹದಿನಾಲ್ಕು ದಿನಗಳ ಅವಧಿ. ರೋಹಿಣಿ ಮಳೆ ವರ್ಷ ವರ್ಷವೂ ಮೇ ಕೊನೆಯ ವಾರದಲ್ಲೇ ಹುಟ್ಟುತ್ತದೆ, ಆರ್ದ್ರೆ ಜೂನ್ ಮೂರನೆಯ ವಾರ ಮುಗಿಯುವಾಗ. ಹಬ್ಬಗಳು ಹಾಗಲ್ಲ. ವಿಜಯದಶಮಿ 2023ರಲ್ಲಿ ಅಕ್ಟೋಬರ್ 24ಕ್ಕೆ ಬಂತು, 2025ರಲ್ಲಿ ಅಕ್ಟೋಬರ್ 2ಕ್ಕೆ. ಅಧಿಕಮಾಸ ಬಂದ ವರ್ಷ ಹಬ್ಬ ಮುಂದಕ್ಕೆ ಜಾರುತ್ತದೆ, ಮಿಕ್ಕ ವರ್ಷಗಳಲ್ಲಿ ಹಿಂದಕ್ಕೆ ಸರಿಯುತ್ತದೆ. ಗಿಡಕ್ಕೆ ಅಧಿಕಮಾಸ ತಿಳಿಯದು. ಸೇವಂತಿಗೆ ಮೊಗ್ಗು ಕಟ್ಟುವುದು ಇರುಳು ಒಂದು ಮಿತಿ ಮೀರಿ ಉದ್ದವಾದಾಗ; ಹಗಲಿರುಳಿನ ಉದ್ದಕ್ಕೂ ಹೂವಿಗೂ ಇರುವ ಈ ನಂಟನ್ನು ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ಎಂಬ ವಿಜ್ಞಾನಿಗಳು 1920ರಲ್ಲಿ ವಿವರಿಸಿದರು. ಕಾರಣ ಗೊತ್ತಿಲ್ಲದಿದ್ದರೂ ಪರಿಣಾಮ ನಮ್ಮ ತೋಟಗಾರರಿಗೆ ಗೊತ್ತಿತ್ತು: ದಸರಾ ಬೇಗ ಬಂದ ವರ್ಷ ಸೇವಂತಿಗೆ ಇನ್ನೂ ಹಸಿರು ಮೊಗ್ಗಾಗಿರುತ್ತದೆ. ಚೆಂಡುಹೂವಿಗೆ ಇಂಥ ಹಟವಿಲ್ಲ. ಬಿತ್ತಿದ ಎರಡು, ಎರಡೂವರೆ ತಿಂಗಳಿಗೆ ಅದು ಅರಳುತ್ತದೆ. ಹಬ್ಬ ಇಪ್ಪತ್ತು ದಿನ ಹಿಂದೆ ಬಂದರೆ ಒಟ್ಟಲು ಪಾತಿಗೆ ಬೀಜವನ್ನು ಇಪ್ಪತ್ತು ದಿನ ಮೊದಲು ಹಾಕಿದರಾಯಿತು. ಮೆಕ್ಸಿಕೋ ಮೂಲದ ಈ ಹೂ 16ನೇ ಶತಮಾನಕ್ಕಿಂತ ಹಿಂದೆ ಇಲ್ಲಿರಲು ಸಾಧ್ಯವೇ ಇರಲಿಲ್ಲ. ಹಳೆಯ ಪೂಜಾಪುಷ್ಪಗಳ ಸಾಲಿಗೆ ಅದು ಸೇರಿದ್ದಲ್ಲ. ಆದರೂ ಆಯುಧಪೂಜೆಯ ದಿನ ಬಸ್ಸಿನಿಂದ ಹಿಡಿದು ಕೊಡಲಿಯವರೆಗೆ ಎಲ್ಲದಕ್ಕೂ ಅದೇ ಹಾರ. ಅಗ್ಗವಾದದ್ದು, ಬಾಡದೆ ನಿಲ್ಲುವಂಥದ್ದು ಎಂಬ ಕಾರಣಗಳು ಇದ್ದೇ ಇವೆ. ಚಂದ್ರನ ಪಂಚಾಂಗವನ್ನೂ ಸೂರ್ಯನ ಪಂಚಾಂಗವನ್ನೂ ಒಂದೇ ಮಡಿಯಲ್ಲಿ ಹೊಂದಿಸಬಲ್ಲ ಗಿಡ ಅದಾಗಿತ್ತು ಎಂಬುದು ಇನ್ನೂ ದೊಡ್ಡ ಕಾರಣವೆಂದು ನನ್ನ ಊಹೆ.

ಇನ್ನು ಅರಸರ ತೋಟಗಳತ್ತ ಬರೋಣ. 1443ರಲ್ಲಿ ವಿಜಯನಗರಕ್ಕೆ ಬಂದ ಪಾರಸಿ ರಾಯಭಾರಿ ಅಬ್ದುರ್ ರಜಾಕ್ ಇಲ್ಲಿಯ ಬೀದಿಗಳಲ್ಲಿ ಎಲ್ಲೆಲ್ಲೂ ಗುಲಾಬಿ ಮಾರುವುದನ್ನು ಕಂಡು, ಈ ಜನಕ್ಕೆ ಅದು ಊಟದಷ್ಟೇ ಅಗತ್ಯ ಎಂಬ ಅರ್ಥದಲ್ಲಿ ಬರೆದಿದ್ದಾನೆ. ಮಳೆ ಕಡಿಮೆಯಾದ ಹಂಪೆಯ ಬಂಡೆನಾಡಿನಲ್ಲಿ ಅಷ್ಟು ಗುಲಾಬಿ ಅರಳಿದ್ದರೆ ಅದರ ಹಿಂದೆ ತುಂಗಭದ್ರೆಯ ಕಾಲುವೆಗಳಿದ್ದವು. ಲಾಲ್‌ಬಾಗ್ ಕಥೆಯಲ್ಲೂ ನೀರೇ ಮುಖ್ಯ. 1760ರಲ್ಲಿ ಹೈದರಾಲಿ ಶುರುಮಾಡಿದ ತೋಟವನ್ನು ಟಿಪ್ಪು ಬೆಳೆಸಿದ. 1788ರಲ್ಲಿ ಫ್ರಾನ್ಸಿಗೆ ಹೋದ ಅವನ ರಾಯಭಾರಿಗಳು ಅಲ್ಲಿಂದ ಗಿಡ, ಬೀಜಗಳನ್ನೂ ಬಯಸಿದ್ದರು. ಟಿಪ್ಪು ಬಿದ್ದ ಮರುವರ್ಷ, 1800ರ ಬೇಸಿಗೆಯಲ್ಲಿ, ಫ್ರಾನ್ಸಿಸ್ ಬುಕಾನನ್ ಈ ತೋಟಗಳನ್ನು ನೋಡಿ ಬರೆದ ವಿವರ ತುಂಬ ಬೆಲೆಯುಳ್ಳದ್ದು. ಚೌಕ ಚೌಕವಾದ ಪಾತಿಗಳು, ನಡುವೆ ಸೈಪ್ರೆಸ್ ಮರಗಳ ಅಂಚಿನ ಹಾದಿಗಳು. ಒಂದು ಚೌಕದ ತುಂಬ ಗುಲಾಬಿ, ಇನ್ನೊಂದರ ತುಂಬ ದಾಳಿಂಬೆ. ಈ ವಿನ್ಯಾಸ ಪರ್ಷಿಯ, ಮೊಗಲರ ಕಡೆಯಿಂದ ಬಂದದ್ದು, ಅದರಲ್ಲಿ ಅನುಮಾನವಿಲ್ಲ. ಆದರೆ ಬುಕಾನನ್ ಜೊತೆಗೇ ಗುರುತು ಹಾಕಿಕೊಂಡ ಮಾತೆಂದರೆ ಈ ಒಣನಾಡಿನಲ್ಲಿ ಬೇಸಿಗೆಯಲ್ಲಿ ಪ್ರತಿಯೊಂದಕ್ಕೂ ನೀರು ಹೊಯ್ಯಲೇಬೇಕು ಎಂಬುದು. ಹೈದರನ ತೋಟಕ್ಕೆ ಕೆರೆಯಿಂದ ಗಾರೆಯ ಕಾಲುವೆ ಬರುತ್ತಿತ್ತು. ಟಿಪ್ಪುವಿನ ತೋಟಕ್ಕೆ ಬಾವಿಯಿಂದ ಕಪಿಲೆ. ಜೋಡಿ ಎತ್ತು ಇಳಿಜಾರಿನಲ್ಲಿ ಹಿಂದೆ ಮುಂದೆ ನಡೆದು ಚರ್ಮದ ಬಾನಿಯಲ್ಲಿ ನೀರೆತ್ತುವ ಕಪಿಲೆ ಈ ಸೀಮೆಯ ಯಾವುದೇ ರಾಗಿಹೊಲದ ಪಕ್ಕದ ಬಾವಿಯಲ್ಲಿದ್ದ ಸಾಧನವೇ. ಪರ್ಷಿಯದ ನಕ್ಷೆಯ ತೋಟ ಉಸಿರಾಡಿದ್ದು ಊರಿನ ಎತ್ತಿನ ಹೆಜ್ಜೆಯಲ್ಲಿ.

ಆಮೇಲೆ ಬಂದವರು ಕ್ಯೂ ಉದ್ಯಾನದ ಶಿಷ್ಯರು. 1856ರಲ್ಲಿ ಲಾಲ್‌ಬಾಗ್ ಸರ್ಕಾರಿ ಸಸ್ಯೋದ್ಯಾನವಾಯಿತು. 1858ರಲ್ಲಿ ವಿಲಿಯಂ ನ್ಯೂ ಬಂದರು. 1874ರಿಂದ ಕ್ರುಂಬಿಗೆಲ್ ಬರುವವರೆಗೆ ಜಾನ್ ಕ್ಯಾಮರನ್ ನಡೆಸಿದರು. ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಬಿದ್ದದ್ದು ಅವರ ಕಾಲದಲ್ಲೇ. ಇವರ ಮುಂದಿದ್ದ ಸಮಸ್ಯೆಯನ್ನು ಅರ್ಥಮಾಡಿಕೊಳ್ಳಬೇಕು. ಇಂಗ್ಲೆಂಡಿನ ತೋಟದ ವರ್ಷದಲ್ಲಿ ಚಳಿಗಾಲ ಸತ್ತ ಕಾಲ. ಹಿಮ ಕರಗಿದ ಮೇಲೆ ಬಿತ್ತನೆ, ಬೇಸಿಗೆಯಲ್ಲಿ ಹೂ. ಉತ್ತರ ಭಾರತದ ಬಯಲಿಗೆ ಬಂದ ಇಂಗ್ಲಿಷರು ಇದನ್ನು ತಿರುವುಮುರುವು ಮಾಡಿಕೊಂಡಿದ್ದರು: ಮಳೆ ಮುಗಿದ ಮೇಲೆ ಅಕ್ಟೋಬರಿನಲ್ಲಿ ಬಿತ್ತಿ, ಚಳಿಗಾಲದಲ್ಲಿ ಹೂ ನೋಡಿ, ಬೇಸಿಗೆಗೆ ಕೈಬಿಡುವುದು. ಬಂಗಾಳದ ಪಾದ್ರಿ ಫರ್ಮಿಂಜರ್ 19ನೇ ಶತಮಾನದ ನಡುವೆ ಭಾರತದ ತೋಟಗಾರಿಕೆಗೆಂದು ಬರೆದ ಕೈಪಿಡಿ ಹೆಚ್ಚಾಗಿ ಆ ಪ್ರಾಂತ್ಯದ ಅನುಭವವನ್ನೇ ಆಧರಿಸಿತ್ತು. ಆ ಕೈಪಿಡಿಯನ್ನು ಮುಂದೆ ಪರಿಷ್ಕರಿಸಿದವರಲ್ಲಿ ಬೆಂಗಳೂರಿನ ಕ್ಯಾಮರನ್ ಒಬ್ಬರು ಎಂಬುದು ಅರ್ಥಪೂರ್ಣ. ಏಕೆಂದರೆ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿಗೆ ಕಲ್ಕತ್ತೆಯ ತಿಂಗಳುಗಳು ಹೊಂದುವುದಿಲ್ಲ. ಇಲ್ಲಿ ಏಪ್ರಿಲ್, ಮೇ ತಿಂಗಳ ಗುಡುಗಿನ ಮಳೆ ಒಂದು, ಜೂನಿನಿಂದ ಹದವಾಗಿ ಹಿಡಿಯುವ ಮುಂಗಾರು ಇನ್ನೊಂದು, ಸೆಪ್ಟೆಂಬರ್, ಅಕ್ಟೋಬರಿನ ಜೋರು ಮಳೆ ಮತ್ತೊಂದು. ಮಳೆಗಾಲದ ಬಿಸಿಲು ಗಿಡವನ್ನು ಸುಡುವುದಿಲ್ಲ. ಹೀಗಾಗಿ ಋತುವಿನ ಹೂಗಳನ್ನು ಇಲ್ಲಿ ವರ್ಷಕ್ಕೆ ಎರಡು ಸಲ ಬಿತ್ತಬಹುದು: ಮುಂಗಾರಿಗೊಮ್ಮೆ, ಹಿಂಗಾರಿಗೊಮ್ಮೆ. ರಾಗಿಗೂ ಹುರುಳಿಗೂ ರೈತ ಇಟ್ಟುಕೊಂಡಿದ್ದ ಹದವೇ ಜಿನ್ನಿಯಾಕ್ಕೂ ಆಸ್ಟರ್‌ಗೂ ಹದವಾಯಿತು. ತೋಟದ ಮೇಲ್ವಿಚಾರಕರು ಬರೆದ ಸಸ್ಯಪಟ್ಟಿಗಳು ಅಚ್ಚಾದವು, ಅವರ ಹೆಸರು ಉಳಿಯಿತು. ಪಾತಿ ಕೆದಕಿ, ಮುಗಿಲು ನೋಡಿ ಇವತ್ತು ಬೇಡ ನಾಳೆ ಬಿತ್ತೋಣ ಎಂದವರು ಮಾಲಿಗಳು. ಹೊಸ ಮೇಲ್ವಿಚಾರಕ ಹಡಗಿಳಿದು ಬಂದ ಮೊದಲ ವರ್ಷ ಮುಗಿಲಿನ ಭಾಷೆ ಗೊತ್ತಿದ್ದದ್ದು ಅವರಿಗೇ ಹೊರತು ಅವನಿಗಲ್ಲ.

ಈ ಎರಡು ಬಿತ್ತನೆಯ ಗುರುತು ಇಂದಿಗೂ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಗಳಲ್ಲಿದೆ: ಒಂದು ಆಗಸ್ಟ್ ನಡುವೆ, ಇನ್ನೊಂದು ಜನವರಿ ಕೊನೆಗೆ. ಈ ದಿನಾಂಕಗಳು ಸ್ವಾತಂತ್ರ್ಯ ದಿನ ಮತ್ತು ಗಣರಾಜ್ಯ ದಿನಕ್ಕಾಗಿ ಇಟ್ಟವು, ಇದರಲ್ಲಿ ಮಳೆಯ ಮಾತೇನು ಎಂದು ಕೇಳಬಹುದು. ದಿನಾಂಕ ರಾಜಕೀಯದ್ದು, ಒಪ್ಪುತ್ತೇನೆ. ಆದರೆ ಜೂನ್ ಮೊದಲಿಗೆ ಬಿತ್ತಿದ್ದು ಎರಡೂವರೆ ತಿಂಗಳಿಗೆ ಆಗಸ್ಟ್ 15ರ ಹೊತ್ತಿಗೆ ತುಂಬಿ ನಿಲ್ಲುತ್ತದೆ, ಅಕ್ಟೋಬರಿನಲ್ಲಿ ಬಿತ್ತಿದ್ದು ಜನವರಿ 26ಕ್ಕೆ ತುಂಬಿ ನಿಲ್ಲುತ್ತದೆ. ಆದ್ದರಿಂದ ರಾಷ್ಟ್ರದ ಹಬ್ಬವನ್ನು ಹೂವಿನ ಹಬ್ಬವಾಗಿಯೂ ಮಾಡುವುದು ಸಾಧ್ಯವಾಯಿತು. ಏಪ್ರಿಲ್ ಕೊನೆಗೆ ಇಂಥ ದಿನವಿದ್ದಿದ್ದರೆ ಗಾಜಿನ ಮನೆಯನ್ನು ಆಸ್ಟರ್ ಹೂಗಳಿಂದ ತುಂಬುವುದು ಎಷ್ಟು ನೀರು, ಎಷ್ಟು ನೆರಳು ಬೇಡುತ್ತಿತ್ತು ಎಂಬುದನ್ನು ತೋಟದ ಕೆಲಸ ಬಲ್ಲವರು ಹೇಳಬಲ್ಲರು. ಹೋಲಿಕೆಗೆ ಊಟಿಯನ್ನು ನೋಡಿ. ಮ್ಯಾಕ್‌ಐವರ್ 1848ರಲ್ಲಿ ರೂಪಿಸತೊಡಗಿದ ಅಲ್ಲಿನ ಸಸ್ಯೋದ್ಯಾನ ಎರಡು ಸಾವಿರ ಮೀಟರಿಗೂ ಎತ್ತರದಲ್ಲಿದೆ. ಅಲ್ಲಿ ಚಳಿಗಾಲದಲ್ಲಿ ನೆಲದ ಮೇಲೆ ಇಬ್ಬನಿ ಹೆಪ್ಪುಗಟ್ಟುತ್ತದೆ, ಹೂವಿನ ಪ್ರದರ್ಶನ ನಡೆಯುವುದು ಮೇ ತಿಂಗಳಲ್ಲಿ. ಎರಡನ್ನೂ ಕಟ್ಟಿದ್ದು ಒಂದೇ ಸಾಮ್ರಾಜ್ಯದ, ಒಂದೇ ಶಿಕ್ಷಣದ ತೋಟಗಾರರು. ಬೆಟ್ಟದ ಮೇಲೆ ಇಂಗ್ಲೆಂಡಿನ ವರ್ಷ ಸ್ವಲ್ಪಮಟ್ಟಿಗೆ ನಡೆಯಿತು, ಮೈದಾನದಲ್ಲಿ ನಡೆಯಲಿಲ್ಲ.

ಇದಕ್ಕಿಂತ ಬಲವಾದ ಸಾಕ್ಷಿ, ಬಂದ ಗಿಡಗಳಲ್ಲಿ ಯಾವುವು ಉಳಿದವು ಎಂಬುದರಲ್ಲಿದೆ. ನಮ್ಮ ಅಂಗಳಗಳಲ್ಲಿ ಮನೆಮಗಳಂತೆ ಬೆಳೆದಿರುವ ಪರದೇಶದ ಹೂಗಳನ್ನು ಎಣಿಸಿದರೆ ಒಂದು ವಿಚಿತ್ರ ಸಂಗತಿ ಎದ್ದು ಕಾಣುತ್ತದೆ. ಚೆಂಡುಹೂ, ಸುಗಂಧರಾಜ, ಜಿನ್ನಿಯಾ, ಕಾಸ್ಮಾಸ್, ಡೇರೆ, ಇವೆಲ್ಲವೂ ಮೆಕ್ಸಿಕೋ ಕಡೆಯವು. ಸಂಜೆಮಲ್ಲಿಗೆ ಅಮೆರಿಕ ಖಂಡದ್ದು. ಕ್ಯಾಮರನ್ ಕಾಲದಲ್ಲಿ ಬೆಂಗಳೂರಿಗೆ ಬಂತೆನ್ನುವ ಸೀಮೆಬದನೆಯ ತವರೂ ಅದೇ ಸೀಮೆ. ಆಳಿದವರು ಇಂಗ್ಲಿಷರು, ಉಳಿದ ಗಿಡಗಳು ಮೆಕ್ಸಿಕೋದವು! ಇದಕ್ಕೆ ಅಭಿರುಚಿಯಿಂದ ಉತ್ತರ ಸಿಗದು. ಇಂಗ್ಲಿಷ್ ಮನಸ್ಸು ಹಂಬಲಿಸಿದ್ದು ಟ್ಯೂಲಿಪ್‌ಗೆ, ಪ್ರಿಮ್‌ರೋಸ್‌ಗೆ, ಪಿಯೋನಿಗೆ. ಟ್ಯೂಲಿಪ್ಪಿನ ಗೆಡ್ಡೆಗೆ ವಾರಗಟ್ಟಲೆ ಕೊರೆಯುವ ಚಳಿ ಬೇಕು, ಅದಿಲ್ಲದೆ ಹೂವಿನ ದಂಟು ನೆಟ್ಟಗೆ ಏಳುವುದಿಲ್ಲ. ಬೆಂಗಳೂರಿನ ಜನವರಿ ಅದಕ್ಕೆ ಸಾಲದು. ಮೆಕ್ಸಿಕೋದ ಎತ್ತರದ ಪ್ರಸ್ಥಭೂಮಿಗೂ ನಮ್ಮ ದಖನ್ನಿಗೂ ಮಳೆಯ ವಿಷಯದಲ್ಲಿ ನೆಂಟಸ್ತಿಕೆಯಿದೆ. ಅಲ್ಲಿಯೂ ಮಳೆ ಬರುವುದು ಜೂನಿನಿಂದ ಅಕ್ಟೋಬರಿನವರೆಗೆ, ಅಲ್ಲಿಯೂ ಚಳಿಗಾಲ ಒಣಕಾಲ. ಆ ಗಿಡಗಳು ಕಡಲು ದಾಟಿ ಬಂದಾಗ ಹೊಸ ವರ್ಷಕ್ರಮವನ್ನು ಕಲಿಯಬೇಕಾಗಿ ಬರಲಿಲ್ಲ. ಡೇರೆಯನ್ನೇ ನೋಡಿ. ಯೂರೋಪಿನಲ್ಲಿ ಹಿಮಕ್ಕೆ ಹೆದರಿ ಅದರ ಗೆಡ್ಡೆಯನ್ನು ಅಗೆದು ಒಳಗಿಡುತ್ತಾರೆ. ನಮ್ಮ ಮಲೆನಾಡಿನಲ್ಲಿ ಮಳೆ ನಿಂತ ಮೇಲೆ ಗಿಡ ತಾನಾಗಿ ಒಣಗುತ್ತದೆ, ಗೆಡ್ಡೆ ಬೇಸಿಗೆ ಕಳೆಯುವವರೆಗೆ ಮಲಗುತ್ತದೆ, ಮೊದಲ ಮಳೆಗೆ ಮೊಳಕೆ ಒಡೆಯುತ್ತದೆ, ಗೌರಿ ಗಣೇಶನ ಹೊತ್ತಿಗೆ ಅಂಗಳದ ತುಂಬ ತಟ್ಟೆಯಗಲದ ಹೂ. ತೀರ್ಥಹಳ್ಳಿ, ಸಾಗರದ ಕಡೆಯ ಹೆಣ್ಣುಮಕ್ಕಳು ಗೆಡ್ಡೆಗಳನ್ನು ಮನೆಯಿಂದ ಮನೆಗೆ, ತವರಿನಿಂದ ಗಂಡನ ಮನೆಗೆ ಕೈಮಾರಿಸಿಕೊಂಡು ಈ ಗಿಡವನ್ನು ಹರಡಿದರು. ಡಾಲಿಯಾ ಎಂಬ ಹೆಸರು ಅವರ ಬಾಯಲ್ಲಿ ಸವೆದು ಡೇರೆಯಾಗಿ ನಿಂತಿತು. ಈ ಕೆಲಸಕ್ಕೆ ಯಾವ ಸಸ್ಯೋದ್ಯಾನದ ನೆರವೂ ಬೇಕಾಗಲಿಲ್ಲ, ಮಳೆ ಒಪ್ಪಿತ್ತು.

ಇಷ್ಟು ಹೇಳಿದ ಮೇಲೆ ಎದುರಾಳಿ ಇನ್ನೊಂದು ಪ್ರಶ್ನೆ ಎತ್ತಬಹುದು. ಮಳೆಯೇ ಎಲ್ಲವನ್ನೂ ತೀರ್ಮಾನಿಸಿದ್ದಾದರೆ ಮನುಷ್ಯರ ಪಾಲೇನು? ಕ್ರುಂಬಿಗೆಲ್ ಮಾಡಿದ್ದೇನು? ಅವರ ಹೆಚ್ಚುಗಾರಿಕೆ ಇರುವುದು ನೀರು ಸಾಲದ ಕಾಲಕ್ಕೆ ಹೂ ಹುಡುಕಿದ್ದರಲ್ಲಿ. ಬೆಂಗಳೂರಿನ ಹೂಮಡಿಗಳು ಸೊರಗುವುದು ಚಳಿಯಲ್ಲಿ ಅಲ್ಲ, ಫೆಬ್ರವರಿಯಿಂದ ಮೊದಲ ಮಳೆ ಬೀಳುವವರೆಗೆ. 1896ರಲ್ಲಿ ಹೆಸರಘಟ್ಟದ ಕೊಳಾಯಿ ನೀರು ಬಂದ ಮೇಲೂ ಊರಿನ ಎಲ್ಲ ಬೀದಿಗಳ ಅಂಚಿಗೆ ನೀರು ಹೊಯ್ಯುವುದು ಆಗದ ಮಾತು. ಆ ತಿಂಗಳುಗಳಲ್ಲಿ ಹೂ ಬೇಕಾದರೆ ನೆಲದಾಳದ ತೇವವನ್ನು ತಾನೇ ಹುಡುಕಿಕೊಳ್ಳುವ ಮರವಿರಬೇಕು, ಅದರಲ್ಲೂ ಎಲೆ ಉದುರಿಸಿ ಬರಿಕೊಂಬೆಯ ಮೇಲೆ ಅರಳುವ ಮರವಿರಬೇಕು. ಮುತ್ತುಗ, ಬೂರುಗ, ಕಕ್ಕೆ, ಹೊಂಗೆ, ಇವು ನಮ್ಮ ಕಾಡುಗಳಲ್ಲಿ ಇದೇ ಕಾಲಕ್ಕೆ ಅರಳುವವು. ಒಣಕಾಲದಲ್ಲಿ ಅರಳಿದರೆ ಹೂ ದೂರದಿಂದ ದುಂಬಿಗೂ ಹಕ್ಕಿಗೂ ಕಾಣುತ್ತದೆ, ಕೆಲವು ಮರಗಳಲ್ಲಿ ಮಳೆ ಬರುವ ಹೊತ್ತಿಗೆ ಬೀಜವೂ ಸಿದ್ಧವಾಗುತ್ತದೆ. ಬೆಂಗಳೂರಿನ ಬೀದಿಗೆ ಬಂದ ಹೊರನಾಡಿನ ಮರಗಳೂ ಇದೇ ಸ್ವಭಾವದವು. ದಕ್ಷಿಣ ಅಮೆರಿಕದ ಜಕರಂಡ, ಮಧ್ಯ ಅಮೆರಿಕದ ಟಬೂಬಿಯಾ, ಮಡಗಾಸ್ಕರಿನ ಗುಲ್‌ಮೊಹರ್, ಎಲ್ಲವೂ ಒಂದು ಮಳೆಗಾಲ, ಒಂದು ಒಣಕಾಲ ಇರುವ ನಾಡುಗಳಿಂದ ಬಂದವು. ಮಾರ್ಚಿಗೆ ನೀಲಿ, ಮೇ ತಿಂಗಳಿಗೆ ಕೆಂಪು, ನಡುವೆ ಕಕ್ಕೆಯ ಹಳದಿ, ಮಳೆ ಮುಗಿದ ಮೇಲೆ ಆಕಾಶಮಲ್ಲಿಗೆಯ ಬಿಳುಪು. ದೇವಸ್ಥಾನದ ಗೋಡೆಯೊಳಗಿದ್ದ ಸರದಿ ಬೀದಿಗೆ ಬಂತು, ಯಾರ ಪೂಜೆಗೂ ಕೊಯ್ಯದ ಎತ್ತರಕ್ಕೆ ಏರಿತು, ಎಲ್ಲ ಜಾತಿಯ ಎಲ್ಲ ದಾರಿಹೋಕರ ಕಣ್ಣಿಗೂ ದಕ್ಕಿತು. ಇದನ್ನು ನಾನು ನಿಜವಾಗಿಯೂ ದೊಡ್ಡ ಕೆಲಸವೆಂದು ಎಣಿಸುತ್ತೇನೆ. ಮಲ್ಲಿಗೆಯ ದಂಡೆ ಯಾರ ಮುಡಿಗೆ, ಯಾರ ಗುಡಿಗೆ ಎಂಬ ಪ್ರಶ್ನೆಗಳಿದ್ದ ಸಮಾಜದಲ್ಲಿ ಬೀದಿಯ ಮರದ ಹೂ ಯಾರನ್ನೂ ಏನನ್ನೂ ಕೇಳಲಿಲ್ಲ.

ಆದರೂ ಕೀರ್ತಿಯ ಹಂಚಿಕೆ ಸರಿಯಾಗಬೇಕು. 1932ರಲ್ಲಿ ಕ್ರುಂಬಿಗೆಲ್ ನಂತರ ಎಚ್.ಸಿ. ಜವರಾಯ ಲಾಲ್‌ಬಾಗ್ ವಹಿಸಿಕೊಂಡರು, 1950ರ ದಶಕದಿಂದ ಎಂ.ಎಚ್. ಮರಿಗೌಡರು ತೋಟಗಾರಿಕೆಯನ್ನು ರಾಜ್ಯದ ಜಿಲ್ಲೆ ಜಿಲ್ಲೆಗೂ ಒಯ್ದರು. ಇಂದು ಬೇಸಿಗೆಯ ಮೊದಲಲ್ಲಿ ಬಡಾವಣೆಗಳನ್ನು ನಸುಗೆಂಪಾಗಿಸುವ ಟಬೂಬಿಯಾಗಳಲ್ಲಿ ಬಹುಪಾಲು ಕ್ರುಂಬಿಗೆಲ್ ಕಾಲದವಲ್ಲ. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರ ಮುಂದಾಳ್ತನದಲ್ಲಿ ಲಕ್ಷಗಟ್ಟಲೆ ಸಸಿಗಳನ್ನು ನೆಟ್ಟಾಗ ಬಂದವೂ ಅವುಗಳಲ್ಲಿ ಸೇರಿವೆ. ತಿಗಳರ ತೋಟಗಳಿಗೆ ನೀರುಣಿಸಿದ ಕೆರೆಗಳ ಕಥೆ ಇದಕ್ಕೆ ತದ್ವಿರುದ್ಧ. ಕೊಳಾಯಿ ಬಂದ ಮೇಲೆ ಕೆರೆಗಳು ಊರಿನ ಕಣ್ಣಿಗೆ ಬೇಡವಾದವು. ಸಂಪಂಗಿ ಕೆರೆಯ ಅಂಗಳದಲ್ಲಿ ಈಗ ಕಂಠೀರವ ಕ್ರೀಡಾಂಗಣವಿದೆ. ಉಳಿದಿರುವುದು ಕರಗದ ವಿಧಿಗಳಿಗೆಂದು ಬಿಟ್ಟ ಒಂದು ಪುಟ್ಟ ಕೊಳ. ಹೂದೋಟದ ನಗರ ಎಂಬ ಬಿರುದು ಗಟ್ಟಿಯಾದ ಕಾಲದಲ್ಲೇ ಹೂ ಬೆಳೆಯುತ್ತಿದ್ದವರ ನೆಲ ಜಾರಿಹೋಯಿತು ಎಂಬ ಸಂಗತಿಯನ್ನು ಬೀದಿಮರಗಳ ಚೆಲುವು ಮರೆಸಬಾರದು.

ಕೊಳವೆಬಾವಿ, ಹನಿ ನೀರಾವರಿ, ಪಾಲಿಹೌಸುಗಳು ಬಂದ ಮೇಲೆ ಋತುವಿನ ಮಾತೇ ಹಳೆಯದಾಯಿತು ಎನ್ನುವವರಿದ್ದಾರೆ. ಗುಲಾಬಿ ಈಗ ಫೆಬ್ರವರಿ 14ರ ಲೆಕ್ಕದಲ್ಲಿ ಅರಳುತ್ತದೆ, ನಿಜ. ಆದರೆ ಅದಕ್ಕೂ ಇಷ್ಟು ದಿನ ಮೊದಲು ಕೊಂಬೆ ಕತ್ತರಿಸಬೇಕು ಎಂಬ ಎಣಿಕೆ ಇದ್ದೇ ಇದೆ. ಉಡುಪಿಯ ಶಂಕರಪುರದ ಮಲ್ಲಿಗೆ ಚೆಂಡು, ಅಟ್ಟೆಗಳ ಲೆಕ್ಕದಲ್ಲಿ ದಿನದಿನದ ದರಕ್ಕೆ ಮಾರಾಟವಾಗುವಾಗ, ಆ ದರದ ಏರಿಳಿತದಲ್ಲಿ ಜಡಿಮಳೆಯೂ ಮದುವೆಯ ಮುಹೂರ್ತಗಳೂ ಸೇರಿಕೊಂಡಿರುತ್ತವೆ. ಇನ್ನು ಸೇವಂತಿಗೆ. ರಾತ್ರಿ ಹೊತ್ತು ಹೆದ್ದಾರಿಯ ಪಕ್ಕದ ಹೊಲಗಳಲ್ಲಿ ಸಾಲು ಸಾಲಾಗಿ ವಿದ್ಯುತ್ ಬಲ್ಬುಗಳು ಉರಿಯುವುದನ್ನು ಈಗ ಹಲವೆಡೆ ಕಾಣಬಹುದು. ಅಲ್ಲಿ ಜಾತ್ರೆಯಿಲ್ಲ, ಮದುವೆಯಿಲ್ಲ. ಇರುಳನ್ನು ಬೆಳಕಿನಿಂದ ತುಂಡರಿಸಿ, ಹಗಲು ಇನ್ನೂ ಉದ್ದವಾಗಿದೆಯೆಂದು ಗಿಡವನ್ನು ನಂಬಿಸಿ, ಮೊಗ್ಗು ಕಟ್ಟದೆ ಎತ್ತರಕ್ಕೆ ಬೆಳೆಯುವಂತೆ ರೈತ ನೋಡಿಕೊಳ್ಳುತ್ತಾನೆ. ಬೇಕಾದ ಹಬ್ಬಕ್ಕೆ ಇನ್ನೆಷ್ಟು ವಾರ ಉಳಿದಿದೆ ಎಂದು ಗೋಡೆಯ ಪಂಚಾಂಗದಲ್ಲಿ ಎಣಿಸಿ, ಒಂದು ಸಂಜೆ ಸ್ವಿಚ್ ಹಾಕುವುದನ್ನು ನಿಲ್ಲಿಸುತ್ತಾನೆ. ಅಂದಿನಿಂದ ಗಿಡ ಕತ್ತಲೆಯನ್ನು ಎಣಿಸತೊಡಗುತ್ತದೆ.